ಗರ್ಭಪಾತದ ಕಾನೂನೇ ಹೆಣ್ಣನ್ನು ಆಪರೇಷನ್‌ಗೆ ದೂಡುತ್ತಿದೆಯೆ?

ಇನ್ನು ಮಕ್ಕಳು ಬೇಡವೆಂದು ಅಂಡ ಸಾಗುವ ನಾಳವನ್ನು ಕಟ್ಟಿಸಿ ಶಾಶ್ವತವಾಗಿ ಆಪರೇಷನ್ ಮಾಡಿಸಿಕೊಳ್ಳುವ ಹೆಣ್ಣಿನ ತೀರ್ಮಾನದಲ್ಲಿ ಗರ್ಭಪಾತ ಕಾನೂನಿನ ಪಾಲು ಎಷ್ಟು? ಒಬ್ಬರಿಗೆ ಪರ, ಇನ್ನೊಬ್ಬರಿಗೆ ವಿರೋಧ ಬರೆಯಲು ಕೇಳಿದ್ದೆವು.

ಪರ: ದಾರಿ ಮುಚ್ಚಿದ್ದು ಕಾನೂನು, ನಾಳ ಕಟ್ಟಿಸಿಕೊಂಡದ್ದು ಹೆಂಗಸು

ನಮ್ಮಲ್ಲಿ ಗರ್ಭಪಾತಕ್ಕೆ ಐವತ್ತು ವರ್ಷದಿಂದ ಅವಕಾಶವಿದೆ, ಕಾನೂನನ್ನು ಯಾಕೆ ದೂರುತ್ತೀರಿ ಎಂದು ಕೇಳುವವರು ಕಾಯ್ದೆಯ ಹೆಸರನ್ನಷ್ಟೇ ಓದಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಪ್ರಕಾರ ಗರ್ಭಪಾತ ಇವತ್ತಿಗೂ ಅಪರಾಧ. ಹಳೆಯ ಐಪಿಸಿಯ 312ನೇ ಕಲಮೇ ಅಲ್ಲಿ ಹೊಸ ಸಂಖ್ಯೆ ಹೊತ್ತು ಕೂತಿದೆ. ಮೂರು ವರ್ಷದವರೆಗೆ ಜೈಲು, ಹೊಟ್ಟೆಯಲ್ಲಿ ಮಗು ಮಿಸುಕಾಡಲು ಶುರುವಾಗಿದ್ದರೆ ಏಳು ವರ್ಷದವರೆಗೆ. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಆ ಕಲಮಿಗೆ ಸಿಗುತ್ತಾಳೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಇದಕ್ಕೆ ಒಂದು ವಿನಾಯಿತಿ ಕೊಟ್ಟಿತು, ಅಷ್ಟೇ. ನೋಂದಾಯಿತ ವೈದ್ಯರು ಸದುದ್ದೇಶದಿಂದ ಅಭಿಪ್ರಾಯ ಕೊಟ್ಟು, ಅನುಮತಿ ಇರುವ ಜಾಗದಲ್ಲಿ, ಹೇಳಿದ ವಾರಗಳೊಳಗೆ ಮಾಡಿದರೆ ಆ ವೈದ್ಯರಿಗೆ ಶಿಕ್ಷೆಯಿಲ್ಲ. ಕಾಯ್ದೆ ಕಾಪಾಡಲು ಹೊರಟಿದ್ದು ವೈದ್ಯರನ್ನು.

‘ನನಗೆ ಈ ಗರ್ಭ ಬೇಡ’ ಎಂಬುದು ಅದರಲ್ಲಿ ಕಾರಣವೇ ಅಲ್ಲ. ತಾಯಿಯ ಜೀವಕ್ಕೆ ಅಪಾಯ, ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ, ಹುಟ್ಟುವ ಮಗುವಿಗೆ ತೀವ್ರ ನ್ಯೂನತೆ: ಇವು ಕಾರಣಗಳು. ಬಳಸುತ್ತಿದ್ದ ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು ಮನಸ್ಸಿಗಾದ ಗಂಭೀರ ಹಾನಿ ಎಂದು ಎಣಿಸಬಹುದು ಎನ್ನುತ್ತದೆ ವಿವರಣೆ. 2021ರ ತಿದ್ದುಪಡಿಯವರೆಗೆ ಆ ವಿವರಣೆ ಮದುವೆಯಾದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದು ಬೇಕು, ಅದೂ ನಿಯಮದಲ್ಲಿ ಹೆಸರಿಸಿದ ವರ್ಗದ ಹೆಂಗಸರಿಗೆ ಮಾತ್ರ. 24 ದಾಟಿದರೆ, ಭ್ರೂಣಕ್ಕೆ ತೀವ್ರ ನ್ಯೂನತೆ ಇದೆಯೆಂದು ವೈದ್ಯಕೀಯ ಮಂಡಳಿ ಹೇಳಬೇಕು. ಎಷ್ಟು ಸಡಿಲಿಸಿದರೂ ಒಪ್ಪುವ ಅಧಿಕಾರ ಬೇರೆಯವರದ್ದೇ.

ಇದನ್ನು ಎರಡು ಮಕ್ಕಳಾದ ಹೆಂಗಸಿನ ಜಾಗದಲ್ಲಿ ನಿಂತು ನೋಡಬೇಕು. ಮುಟ್ಟು ತಪ್ಪಿದರೆ ಮುಂದೇನು ಎಂಬುದಕ್ಕೆ ಅವಳ ಹತ್ತಿರ ಖಾತ್ರಿಯಾದ ಉತ್ತರವಿಲ್ಲ. ಯಾರೋ ಒಪ್ಪಬೇಕು, ಅವರು ಆ ದಿನ ಆಸ್ಪತ್ರೆಯಲ್ಲಿ ಇರಬೇಕು, ಅಷ್ಟರಲ್ಲಿ ವಾರ ಮೀರಿರಬಾರದು. ಇಷ್ಟು ಅನಿಶ್ಚಯ ಹೊತ್ತು ತಿರುಗುವುದಕ್ಕಿಂತ ಒಂದೇ ಸಲ ಆಪರೇಷನ್ ಆಗಿಬಿಡಲಿ ಎಂದು ಅವಳು ನಿರ್ಧರಿಸುತ್ತಾಳೆ. ಅವಳ ಲೆಕ್ಕಾಚಾರ ಸರಿಯಾಗಿಯೇ ಇದೆ. ಹಾಗೆ ಲೆಕ್ಕ ಹಾಕುವ ಗತಿ ತಂದದ್ದು ಯಾವುದು ಎಂಬುದೇ ಇಲ್ಲಿರುವ ಪ್ರಶ್ನೆ.

ಕಾನೂನು ಬದಲಾದರೆ ಈ ನಿರ್ಧಾರ ಎಷ್ಟು ಬೇಗ ಬದಲಾಗುತ್ತದೆ ಎಂಬುದು ಅಮೆರಿಕದಲ್ಲಿ ಕಂಡುಬಂತು. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಡಾಬ್ಸ್ ಪ್ರಕರಣದಲ್ಲಿ, ಗರ್ಭಪಾತವನ್ನು ಹಕ್ಕೆಂದಿದ್ದ 1973ರ ರೋ ತೀರ್ಪನ್ನು ರದ್ದುಗೊಳಿಸಿತು; ನಿಷೇಧಿಸುವ ಅಧಿಕಾರ ರಾಜ್ಯಗಳ ಕೈಗೆ ಹೋಯಿತು. 18ರಿಂದ 30 ವಯಸ್ಸಿನವರ ಆಸ್ಪತ್ರೆ ದಾಖಲೆಗಳನ್ನು ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೀರ್ಪಿನ ಹಿಂದೆಯೇ ಶಾಶ್ವತ ಗರ್ಭನಿರೋಧಕ ಆಪರೇಷನ್‌ಗಳು ಇದ್ದಕ್ಕಿದ್ದಂತೆ ಏರಿದವು. ಹೆಂಗಸರಲ್ಲಿ ಆದ ಏರಿಕೆ ಗಂಡಸರಲ್ಲಿ ಆದದ್ದಕ್ಕಿಂತ ಸುಮಾರು ಎರಡು ಪಟ್ಟು. ಗಂಡಸರ ಏರಿಕೆ ಅಲ್ಲಿಗೆ ನಿಂತಿತು, ಹೆಂಗಸರದ್ದು ತಿಂಗಳು ತಿಂಗಳೂ ಮುಂದುವರಿಯಿತು. ಗರ್ಭಪಾತ ನಿಷೇಧಿಸಿದ ರಾಜ್ಯಗಳನ್ನಷ್ಟೇ ನೋಡಿದ ಇನ್ನೊಂದು ಅಧ್ಯಯನದಲ್ಲಿ ಏರಿಕೆ ತಿಂಗಳಿಗೆ ಸುಮಾರು ಶೇ 3. ಅಷ್ಟು ಜನರಿಗೆ ಮಕ್ಕಳ ಬಗ್ಗೆ ಒಂದೇ ತಿಂಗಳಲ್ಲಿ ಮನಸ್ಸು ತಿರುಗಿತೆಂದು ನಂಬುವುದು ಕಷ್ಟ. ಆ ತಿಂಗಳು ಬದಲಾದದ್ದು ಕಾನೂನು. ಗರ್ಭಪಾತ ನಿಷೇಧಿಸಿದ ಟೆಕ್ಸಸ್‌ನಲ್ಲಿ ನೆಲೆಸಿದ ಕನ್ನಡದ ಮನೆಗಳ ಹೆಣ್ಣುಮಕ್ಕಳೂ ಇದೇ ಕಾನೂನಿನ ಕೆಳಗೇ ಇದ್ದಾರೆ.

ಅಲ್ಲಿ ಈಗ ನಾಳವನ್ನು ಕಟ್ಟುವುದಕ್ಕಿಂತ ಎರಡೂ ನಾಳಗಳನ್ನು ಪೂರ್ತಿ ತೆಗೆಯುವುದು ಹೆಚ್ಚಾಗುತ್ತಿದೆ. ಅಂಡಾಶಯದ ಕ್ಯಾನ್ಸರ್ ಅಪಾಯ ಅದರಿಂದ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಮತ್ತೆ ಜೋಡಿಸಲು ಅಲ್ಲಿ ಏನೂ ಉಳಿಯುವುದಿಲ್ಲ, ಮುಂದೆ ಮಗು ಬೇಕೆನಿಸಿದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಐವಿಎಫ್ ಒಂದೇ ದಾರಿ. ಆಪರೇಷನ್ ಮಾಡಿಸಿಕೊಂಡವರನ್ನು 14 ವರ್ಷ ಹಿಂಬಾಲಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, 30 ವರ್ಷದೊಳಗೆ ಮಾಡಿಸಿಕೊಂಡವರ ಪೈಕಿ ಶೇ 20ರಷ್ಟು ಮಂದಿ ಮುಂದೆ ಪಶ್ಚಾತ್ತಾಪ ಹೇಳಿದ್ದರು. 30 ದಾಟಿದವರಲ್ಲಿ ಹಾಗೆ ಹೇಳಿದವರು ಶೇ 6ರಷ್ಟು. ಕಾನೂನಿನ ಭಯ ಹೆಚ್ಚು ಓಡಿಸುವುದು ಈ ಎಳೆ ವಯಸ್ಸಿನವರನ್ನೇ.

ಈಗ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರೋಣ. ಗರ್ಭಪಾತ ಮಾಡಲು ಎಂಬಿಬಿಎಸ್ ಒಂದೇ ಸಾಲದು. ಪ್ರಸೂತಿ ತಜ್ಞರಾಗಿರಬೇಕು. ಇಲ್ಲವೇ 12 ವಾರದವರೆಗೆ ಮಾಡಲು ಅನುಮೋದಿತ ಆಸ್ಪತ್ರೆಯಲ್ಲಿ 25 ಗರ್ಭಪಾತಗಳಲ್ಲಿ ನೆರವಾಗಿ, ಅದರಲ್ಲಿ ಕನಿಷ್ಠ 5 ತಾವೇ ಮಾಡಿರಬೇಕು. ಮಾತ್ರೆ ಕೊಟ್ಟು 9 ವಾರದವರೆಗೆ ಮಾಡುವುದಕ್ಕೂ ಅನುಭವದ ಷರತ್ತಿದೆ. ವಿಧಾನ ಸರಳ. ಮೊದಲ ದಿನ 200 ಮಿಲಿಗ್ರಾಂ ಮಿಫೆಪ್ರಿಸ್ಟೋನ್, 24ರಿಂದ 48 ಗಂಟೆಯೊಳಗೆ 800 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಎರಡು ವಾರಕ್ಕೆ ಮತ್ತೆ ತಪಾಸಣೆ. ಮಾತ್ರೆ ಸುಲಭವಾದರೂ ಬರೆದುಕೊಡುವ ಕೈ ಸುಲಭಕ್ಕೆ ಸಿಗುವುದಿಲ್ಲ. ತಜ್ಞರು ರಜೆ, ಜಿಲ್ಲಾಸ್ಪತ್ರೆಗೆ ಹೋಗಿ ಎಂದರೆ ಅಲ್ಲಿಗೆ ಒಂದು ವಾರ ಹೋಯಿತು. ಸ್ಕ್ಯಾನಿಂಗ್‌ಗೆ ಇನ್ನೊಂದು ವಾರ. ‘ಗಂಡನ ಸಹಿ ತನ್ನಿ’ ಎಂದು ಕಾನೂನಿನಲ್ಲಿ ಇಲ್ಲದ ಕಾಗದ ಕೇಳಿದರೆ ಮತ್ತೊಂದು. 18 ತುಂಬಿದವಳಿಗೆ ಒಪ್ಪಿಗೆಯ ಸಿ ನಮೂನೆಯಲ್ಲಿ ಅವಳೊಬ್ಬಳ ಸಹಿ ಸಾಕು ಎಂಬುದು ಎಷ್ಟೋ ಆಸ್ಪತ್ರೆಗಳ ಸಿಬ್ಬಂದಿಗೇ ಗೊತ್ತಿರುವುದಿಲ್ಲ.

2015ರಲ್ಲಿ ಭಾರತದಲ್ಲಿ ನಡೆದ ಗರ್ಭಪಾತಗಳು ಸುಮಾರು 1.56 ಕೋಟಿ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಅದರಲ್ಲಿ ಶೇ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಮೆಡಿಕಲ್ ಸ್ಟೋರಿನಿಂದ ಗಂಡ ತಂದುಕೊಟ್ಟ ಕಿಟ್‌ನೊಂದಿಗೆ ಎಷ್ಟು ವಾರ ಆಗಿದೆ, ಗರ್ಭ ನಾಳದಲ್ಲಿ ನಿಂತಿದೆಯೇ, ರಕ್ತ ಎಷ್ಟಿದೆ ಎಂದು ಕೇಳುವವರು ಯಾರೂ ಬರುವುದಿಲ್ಲ. ಗಂಟೆಗೆ ಎರಡು ದಪ್ಪ ಪ್ಯಾಡ್‌ನಂತೆ ಎರಡು ಗಂಟೆ ಸತತ ತೊಯ್ದರೆ ಆಸ್ಪತ್ರೆಗೆ ಓಡಬೇಕು ಎಂದು ಹೇಳುವವರೂ ಇಲ್ಲ. ಬಹಳ ಮಂದಿಗೆ ತೊಂದರೆಯಿಲ್ಲದೆ ಮುಗಿಯುತ್ತದೆ. ಅರ್ಧಂಬರ್ಧ ಉಳಿದು ರಕ್ತಸ್ರಾವ ನಿಲ್ಲದೆ ಬಂದವಳು ಮಾತ್ರ ಮುಂದಿನ ಸಲಕ್ಕೆ ಕಾಯುವುದಿಲ್ಲ, ಆಪರೇಷನ್ ಕೇಳುತ್ತಾಳೆ.

ಕೇಳದಿದ್ದರೆ ಕೇಳಿಸಲಾಗುತ್ತದೆ. ‘ತೆಗೀತೀವಿ, ಆದ್ರೆ ಜೊತೆಗೇ ಆಪರೇಷನ್ನೂ ಮಾಡಿಸ್ಕೊಂಡ್ಬಿಡಮ್ಮ, ಪದೇ ಪದೇ ಬರೋದು ತಪ್ಪುತ್ತೆ.’ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಪಾತಕ್ಕೆ ಆಪರೇಷನ್ನನ್ನೋ ಕಾಪರ್-ಟಿಯನ್ನೋ ಷರತ್ತಾಗಿ ಒಡ್ಡುವುದನ್ನು ಸಂಶೋಧಕರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ವೈದ್ಯಕೀಯವಾಗಿ ಎರಡನ್ನೂ ಒಟ್ಟಿಗೆ ಮಾಡಬಹುದು. ಸೋಂಕಿಲ್ಲದಿದ್ದರೆ ಗರ್ಭಪಾತದ ಜೊತೆಗೇ ಅಥವಾ 7 ದಿನದೊಳಗೆ ಮಿನಿಲ್ಯಾಪ್, ಅಂದರೆ ಹೊಟ್ಟೆಯನ್ನು ಸಣ್ಣದಾಗಿ ಕೊಯ್ದು ಮಾಡುವ ಆಪರೇಷನ್, ಮಾಡಬಹುದು. ದುರ್ಬೀನು ತೂರಿಸಿ ಮಾಡುವ ಲ್ಯಾಪ್ರೊಸ್ಕೋಪಿ ಆದರೆ 12 ವಾರದೊಳಗಿನ ಗರ್ಭಪಾತದ ಜೊತೆಗೆ ಮಾತ್ರ. ಅದಕ್ಕಿಂತ ಹೆಚ್ಚಿನ ಗರ್ಭದಲ್ಲಿ ನಾಳ ಊದಿಕೊಂಡಿರುತ್ತದೆ. ನಾಳ ಮುಚ್ಚಲು ಬಿಗಿಯುವ ಉಂಗುರ ಹಾಕುವಾಗ ಅದು ತುಂಡಾಗಿ ರಕ್ತ ಸುರಿಯಬಹುದು, ಅಥವಾ ಉಂಗುರದೊಳಗೆ ಪೂರ್ತಿ ಕೂರದೆ ಆಪರೇಷನ್ನೇ ವಿಫಲವಾಗಬಹುದು. ವೈದ್ಯರ ಕೈ ಈ ಲೆಕ್ಕವನ್ನೆಲ್ಲ ಬಲ್ಲದು. ಅವತ್ತು ಬೆಳಗ್ಗೆ ಗರ್ಭ ಬೇಡವೆಂದು ಗಾಬರಿಯಲ್ಲಿ ಬಂದ ಹೆಂಗಸು ಇಡೀ ಜೀವಮಾನದ ತೀರ್ಮಾನಕ್ಕೆ ಹಾಕಿದ ಸಹಿಗೆ ಎಷ್ಟು ಬೆಲೆ ಎಂಬುದನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಅಳೆದವರು ಇದ್ದಾರೆ. 1973ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ 12 ಮತ್ತು 14 ವರ್ಷದ ಇಬ್ಬರು ಕಪ್ಪು ಹುಡುಗಿಯರಿಗೆ ಸರ್ಕಾರಿ ಹಣದಲ್ಲಿ ಆಪರೇಷನ್ ಮಾಡಿದ್ದು ಬಯಲಾದ ಮೇಲೆ ಮೊಕದ್ದಮೆ ನಡೆಯಿತು. 1978ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಸರ್ಕಾರ ದುಡ್ಡು ಕೊಡುವ ಆಪರೇಷನ್‌ಗೆ ವಯಸ್ಸು 21 ತುಂಬಿರಬೇಕು, ಸಹಿ ಹಾಕಿ 30 ದಿನ ಕಾಯಬೇಕು, ಆ ಸಹಿ 180 ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಹೆರಿಗೆ ನೋವಿನಲ್ಲಿರುವವಳಿಂದ, ಕುಡಿದ ಅಮಲಿನಲ್ಲಿರುವವಳಿಂದ, ಗರ್ಭಪಾತ ಕೇಳಿ ಬಂದವಳಿಂದ ಒಪ್ಪಿಗೆ ಪಡೆಯುವಂತೆಯೇ ಇಲ್ಲ. ಗರ್ಭಪಾತದ ಒತ್ತಡವನ್ನು ಹೆರಿಗೆ ನೋವಿನ ಪಕ್ಕದಲ್ಲೇ ಇಟ್ಟು ನೋಡಿದ ಆ ಸಾಲು ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ.

ನಮ್ಮಲ್ಲಿ ಇರುವುದು ಇದಕ್ಕೆ ತದ್ವಿರುದ್ಧ. ಆಪರೇಷನ್ ಒಪ್ಪಿಗೆ ಪತ್ರದಲ್ಲೇ ಒಂದು ಷರತ್ತಿದೆ: ಮುಂದೆ ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಆಸ್ಪತ್ರೆಗೆ ತಿಳಿಸಬೇಕು, ಆಗ ಉಚಿತವಾಗಿ ಗರ್ಭಪಾತ ಮಾಡಿಸಿಕೊಳ್ಳಬಹುದು. ಕೇಳಲು ಉಪಕಾರದಂತಿದೆ. 2005ರಲ್ಲಿ ಪಂಜಾಬ್ ಸರ್ಕಾರ ಮತ್ತು ಶಿವರಾಮ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ನೋಡಿ. ಆಪರೇಷನ್ ವಿಫಲವಾದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎನ್ನಲಾಗದು, ಅದು ಸರಿ. ಗರ್ಭ ನಿಂತಿದೆಯೆಂದು ತಿಳಿದ ಮೇಲೂ ದಂಪತಿ ಇಟ್ಟುಕೊಂಡರೆ ಆ ಮಗು ‘ಬೇಡದ ಮಗು’ ಅಲ್ಲವಾಗುತ್ತದೆ, ಅದನ್ನು ಸಾಕಲು ಪರಿಹಾರ ಕೇಳುವಂತಿಲ್ಲ ಎಂದಿತು. ಅಂದರೆ ಆಪರೇಷನ್ ಕೆಟ್ಟರೆ ಗರ್ಭಪಾತ ಮಾಡಿಸಿಕೊ, ಗರ್ಭಪಾತಕ್ಕೆ ಬಂದರೆ ಆಪರೇಷನ್ ಮಾಡಿಸಿಕೊ. ಎರಡು ಕಡೆಯಿಂದಲೂ ಅವಳೇ ಸಿಕ್ಕಿಬೀಳುತ್ತಾಳೆ.

ಸುಪ್ರೀಂ ಕೋರ್ಟ್‌ಗೆ ಬಂದ 2023ರ ಅಕ್ಟೋಬರ್‌ನ ಪ್ರಕರಣವನ್ನು ಮರೆಯುವ ಹಾಗಿಲ್ಲ. 27 ವರ್ಷದ ತಾಯಿ, ಎರಡು ಮಕ್ಕಳು, ಎರಡನೆಯದು ಇನ್ನೂ ಕೂಸು. ಮೊಲೆಯೂಡಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಗರ್ಭ ನಿಂತದ್ದು ತಿಳಿಯಲೇ ಇಲ್ಲ. ಮೊಲೆಯೂಡಿಕೆ ಗರ್ಭ ತಡೆಯುವುದು ಮೂರೂ ಷರತ್ತು ಒಟ್ಟಿಗೆ ಇದ್ದಾಗ ಮಾತ್ರ: ಮಗುವಿಗೆ 6 ತಿಂಗಳು ದಾಟಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ರಕ್ಷಣೆ ಹೋಯಿತು. ಬಾಣಂತನದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದ ಅವರಿಗೆ ಅಕ್ಟೋಬರ್ 9ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಅನುಮತಿ ಕೊಟ್ಟಿತು. ಎರಡು ದಿನಕ್ಕೆ ಆ ಇಬ್ಬರಲ್ಲೇ ಭಿನ್ನಮತ. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. 26 ವಾರ ದಾಟಿತ್ತು, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ನ್ಯೂನತೆಯಿಲ್ಲ, ಹಾಗಾಗಿ ಕಾಯ್ದೆಯಲ್ಲಿ ಜಾಗವಿಲ್ಲ. ಒಂದು ವಾರದಲ್ಲಿ ಮೂರು ಮಾತು. ಅದನ್ನು ಟಿವಿಯಲ್ಲಿ ನೋಡುತ್ತಿದ್ದ ಪ್ರತಿ ಬಾಣಂತಿಗೂ ಕಾನೂನು ಕಲಿಸಿದ ಪಾಠ ಒಂದೇ: ನಿನ್ನ ಮೇಲೆ ನಿನಗೆ ಭರವಸೆ ಬೇಕಿದ್ದರೆ ಈಗಲೇ ನಾಳ ಕಟ್ಟಿಸಿಕೊ.

12 ವಾರದವರೆಗೆ ಹೆಂಗಸು ಕೇಳಿದರೆ ಸಾಕು, ಬೇರೆ ಕಾರಣ ಬೇಡ ಎಂದು ಕಾಯ್ದೆಯಲ್ಲೇ ಬರೆಯಬೇಕು. ಗರ್ಭಪಾತಕ್ಕೆ ಬಂದ ದಿನ ಶಾಶ್ವತ ಆಪರೇಷನ್‌ನ ಒಪ್ಪಿಗೆ ತೆಗೆದುಕೊಳ್ಳುವಂತಿಲ್ಲ ಎಂದು ನಿಯಮವಾಗಬೇಕು. ಷರತ್ತು ಹಾಕಿದವರಿಗೆ ದಂಡವಿರಬೇಕು. ಅಷ್ಟಾದ ಮೇಲೂ ಆಪರೇಷನ್ ಬೇಕೆಂದು ಬರುವವಳನ್ನು ಯಾರೂ ತಡೆಯುವುದು ಬೇಡ.

ವಿರೋಧ: ಒಂದೇ ಕಾನೂನು, ರಾಜ್ಯಕ್ಕೊಂದು ಲೆಕ್ಕ

‘ಇಲ್ಲ’ ಎಂಬ ಕಡೆಯಿಂದ ಬರೆಯಲು ನನ್ನನ್ನು ಕೇಳಿದರು. ಕರ್ನಾಟಕದ ಮಟ್ಟಿಗೆ ಆ ಮಾತನ್ನು ಪೂರ್ತಿ ಹೊಣೆ ಹೊತ್ತು ಹೇಳಬಲ್ಲೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಈಗ ಆಗುತ್ತಿರುವುದಕ್ಕೆ ಇದೇ ಮಾತು ಅಷ್ಟೇ ಗಟ್ಟಿಯಾಗಿ ನಿಲ್ಲುವುದಿಲ್ಲ, ಅದನ್ನು ಒಪ್ಪಿಯೇ ಮುಂದುವರಿಯುತ್ತೇನೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಆದವರು ಆಂಧ್ರಪ್ರದೇಶದಲ್ಲಿ ಶೇ 70ರ ಹತ್ತಿರ, ಕರ್ನಾಟಕದಲ್ಲಿ ಶೇ 57.4, ಉತ್ತರ ಪ್ರದೇಶದಲ್ಲಿ ಶೇ 17, ಅಸ್ಸಾಮಿನಲ್ಲಿ ಶೇ 9. ಗರ್ಭಪಾತ ಕಾಯ್ದೆ ಈ ನಾಲ್ಕೂ ಕಡೆ ಒಂದೇ. ಕಾನೂನೇ ದೂಡುತ್ತಿದ್ದರೆ ಅಸ್ಸಾಮಿನವರನ್ನೂ ದೂಡಬೇಕಿತ್ತು. 2021ರಲ್ಲಿ ಕಾಯ್ದೆ ಸಡಿಲವಾಯಿತು. ಅದಕ್ಕಾಗಿ ನಮ್ಮ ಯಾವ ಹಳ್ಳಿಯಲ್ಲಿ ಯಾರು ಆಪರೇಷನ್ ಕೈಬಿಟ್ಟರು? ತಿದ್ದುಪಡಿ ಆಗಿದೆ ಎಂಬುದೇ ಆ ಮನೆಗಳಿಗೆ ತಲುಪಿಲ್ಲ. ತಲುಪದ ಕಾನೂನು ತೀರ್ಮಾನವನ್ನು ತಿರುಗಿಸುವುದು ಹೇಗೆ? ಅಮೆರಿಕದ ಕನ್ನಡಕ ಹಾಕಿಕೊಂಡು ಅಥಣಿಯನ್ನೋ ಸಿಂಧನೂರನ್ನೋ ನೋಡಿದರೆ ಕಾಣಬೇಕಾದದ್ದು ಕಾಣುವುದಿಲ್ಲ.

ಕಾಣಬೇಕಾದದ್ದು ಕುಟುಂಬ ಯೋಜನೆ ಕಾರ್ಯಕ್ರಮದ ಚರಿತ್ರೆ. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದದ್ದು 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನದಲ್ಲಿ. 1952ರಲ್ಲಿ ದೇಶದ ಕಾರ್ಯಕ್ರಮ ಬಂತು. ಆಗಿನ್ನೂ ಗರ್ಭಪಾತ ಕಾಯ್ದೆಯ ಸುಳಿವಿರಲಿಲ್ಲ. ತುರ್ತುಪರಿಸ್ಥಿತಿಯ 1976–77ರಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು, ಹೆಚ್ಚಿನ ಪಾಲು ಗಂಡಸರದ್ದು. ಆ ಬಲವಂತದ ಸಿಟ್ಟು ಚುನಾವಣೆಯಲ್ಲಿ ಕಂಡ ಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಭಾರ ಹೆಂಗಸಿನ ಮೇಲೆ ಬಿತ್ತು, ಇನ್ನೂ ಇಳಿದಿಲ್ಲ. 1996ರಲ್ಲಿ ಇಷ್ಟು ಆಪರೇಷನ್ ಆಗಬೇಕೆಂದು ಗುರಿ ಕೊಡುವ ಪದ್ಧತಿಯನ್ನು ಕಾಗದದ ಮೇಲೆ ಬಿಟ್ಟರು. ಸಾಮೂಹಿಕ ಆಪರೇಷನ್ ಶಿಬಿರಗಳು ಉಳಿದವು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರದಲ್ಲಿ ಒಬ್ಬ ವೈದ್ಯರು ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿದರು. ನಿಯಮದ ಪ್ರಕಾರ ಒಂದು ತಂಡ ದಿನಕ್ಕೆ 30 ದಾಟುವಂತಿಲ್ಲ. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರ ಸೆಪ್ಟೆಂಬರ್ 14ರಂದು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಶಿಬಿರಗಳನ್ನು ನಿಲ್ಲಿಸಿ ಎಂದಿತು. ಈ ಸಾಲಿನಲ್ಲಿ ಎಲ್ಲಿಯೂ ಗರ್ಭಪಾತ ಕಾನೂನು ಕಾರಣವಾಗಿ ಬರುವುದಿಲ್ಲ.

ನಮ್ಮಲ್ಲಿ ಆಪರೇಷನ್ ನಡೆಯುವ ರೀತಿಯನ್ನೇ ನೋಡಿ. ಎರಡನೇ ಹೆರಿಗೆ ಆಗುತ್ತದೆ. ಸಿಸೇರಿಯನ್ ಆದರೆ ಅದೇ ಟೇಬಲ್ ಮೇಲೆ ನಾಳ ಕಟ್ಟುತ್ತಾರೆ. ಸಹಜ ಹೆರಿಗೆಯಾದರೆ 7 ದಿನದೊಳಗೆ ಹೊಕ್ಕುಳ ಕೆಳಗೆ ಸಣ್ಣದಾಗಿ ಕೊಯ್ದು ಮಿನಿಲ್ಯಾಪ್. ಗರ್ಭಕೋಶ ಇನ್ನೂ ಮೇಲೇ ಇರುವುದರಿಂದ ನಾಳ ಕೈಗೆ ಸುಲಭವಾಗಿ ಸಿಗುತ್ತದೆ. ಪ್ರತಿ ನಾಳದ ಮಡಿಕೆಯಿಂದ ಸುಮಾರು ಒಂದು ಸೆಂಟಿಮೀಟರ್ ಕತ್ತರಿಸಿ ಬುಡ ಕಟ್ಟುತ್ತಾರೆ. ಏಳನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ತವರಿಗೆ ಹೋಗುತ್ತಾಳೆ. ತೀರ್ಮಾನ ಆದದ್ದು ಮನೆಯಲ್ಲಿ, ಅತ್ತೆ, ತಾಯಿ, ಗಂಡ ಸೇರಿ, ಗಂಡು ಮಗು ಆಯಿತೋ ಇಲ್ಲವೋ ನೋಡಿಕೊಂಡು. ಆ ಮಾತುಕತೆಯಲ್ಲಿ 88ನೇ ಕಲಂ ಯಾರ ನೆನಪಿಗೂ ಬರುವುದಿಲ್ಲ.

ಹಾಗಾದರೆ ಬೇರೆ ವಿಧಾನ ಯಾಕೆ ಆರಿಸಿಕೊಳ್ಳುವುದಿಲ್ಲ? ಕರ್ನಾಟಕದಲ್ಲಿ ಆಧುನಿಕ ವಿಧಾನ ಬಳಸುವವರು ಶೇ 68. ಅದರಲ್ಲಿ 57 ಆಪರೇಷನ್ನೇ ಆದರೆ ಉಳಿದದ್ದಕ್ಕೆಲ್ಲ ಸೇರಿ 11. ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಹೆರಿಗೆಯಾದ 48 ಗಂಟೆಯೊಳಗೆ ಹಾಕಬಹುದು, ಬೇಡವಾದಾಗ ಕೆಲವೇ ನಿಮಿಷದಲ್ಲಿ ತೆಗೆಯಬಹುದು. ಆದರೆ ಹಾಕುವಾಗ ಗರ್ಭಕೋಶದ ತುದಿಯವರೆಗೆ ತಲುಪಿಸದಿದ್ದರೆ ಜಾರಿ ಹೊರಬರುತ್ತದೆ. ಆರು ವಾರಕ್ಕೆ ದಾರ ಕಾಣುತ್ತಿದೆಯೇ ಎಂದು ನೋಡದೆ ಕಳಿಸಿದ ಒಂದು ಪ್ರಕರಣ ಸಾಕು, ಊರಿಗೆ ಊರೇ ‘ವಂಕಿ (ಕಾಪರ್-ಟಿ) ಹೊಟ್ಟೆಯೊಳಗೆ ಹೋಯ್ತಂತೆ’ ಎಂದು ಹೆದರುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಮಾತ್ರೆ, ಎರಡೂ 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿವೆ. ಅಂತರ ಹಾಕಿಸಿಕೊಂಡವರಿಗೆ ಮುಟ್ಟು ಏರುಪೇರಾಗುತ್ತದೆ, ಎಷ್ಟೋ ಮಂದಿಗೆ ನಿಂತೇಹೋಗುತ್ತದೆ. ಅದು ಕಾಯಿಲೆಯಲ್ಲ ಎಂದು ಮೊದಲೇ ಕೂರಿಸಿಕೊಂಡು ಹೇಳದಿದ್ದರೆ ಎರಡನೇ ಡೋಸಿಗೆ ಬರುವುದಿಲ್ಲ. ತಾತ್ಕಾಲಿಕ ವಿಧಾನಗಳು ಸೋಲುವುದು ಹೀಗೆ, ಸೂಜಿ ಸಿಗದೆ, ಮಾತು ಸಿಗದೆ.

ಇನ್ನು ಗಂಡಸರು. ರಾಜ್ಯದಲ್ಲಿ ಪುರುಷರ ಆಪರೇಷನ್ ಪ್ರಮಾಣ ಸೊನ್ನೆಯ ಆಸುಪಾಸು. ಗಂಡಸರಿಗೆ ಬ್ಲೇಡಿಲ್ಲದೆ ಮಾಡುವ ನೋ ಸ್ಕಾಲ್‌ಪೆಲ್ ವಾಸೆಕ್ಟಮಿಗೆ ಹೊಟ್ಟೆ ತೆರೆಯಬೇಕಿಲ್ಲ, ಹೊಲಿಗೆ ಬೇಕಿಲ್ಲ, ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ನಮ್ಮಂಥ ರಾಜ್ಯಗಳಿಗೆ 2007ರಲ್ಲಿ ಗೊತ್ತುಮಾಡಿದ ಪರಿಹಾರ ಧನದಲ್ಲೂ ಗಂಡಸಿಗೆ 1,100 ರೂಪಾಯಿ, ಬಡತನ ರೇಖೆಗಿಂತ ಕೆಳಗಿನ ಹೆಂಗಸಿಗೆ 600. ದುಡ್ಡು ಹೆಚ್ಚು, ಅಪಾಯ ಕಡಿಮೆ, ಆದರೂ ಬರುವುದು ಹೆಂಗಸೇ. ಹೊಲದಲ್ಲಿ ದುಡಿಯಲು ಶಕ್ತಿ ಹೋಗುತ್ತದೆಂಬ ಹೆದರಿಕೆಯನ್ನು ಯಾವ ಗರ್ಭಪಾತ ತಿದ್ದುಪಡಿಯಿಂದ ಹೋಗಲಾಡಿಸುತ್ತೀರಿ?

ಗರ್ಭಪಾತಕ್ಕೆ ಆಪರೇಷನ್‌ನ ಷರತ್ತು ಹಾಕುತ್ತಾರೆ ಎಂಬ ಆರೋಪವಿದೆ. ಗರ್ಭನಿರೋಧಕ ಒಪ್ಪಲಿ ಬಿಡಲಿ ಗರ್ಭಪಾತ ನಿರಾಕರಿಸಬಾರದು ಎಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಆಪರೇಷನ್‌ಗೆ 22 ವರ್ಷ ದಾಟಿರಬೇಕು, ಒಂದು ವರ್ಷ ಮೀರಿದ ಒಂದು ಮಗುವಾದರೂ ಇರಬೇಕು, ಗಂಡನ ಒಪ್ಪಿಗೆ ಬೇಕಿಲ್ಲ ಎಂದೂ ಇದೆ. ಪಾಲಿಸಿದರೆ ಸಾಕು. ಒಪ್ಪಿಗೆಗೆ 30 ದಿನ ಕಾಯಿಸುವ ಅಮೆರಿಕದ ನಿಯಮವನ್ನು ಇಲ್ಲಿಗೆ ತಂದರೆ ಏನಾದೀತು? ಅಲ್ಲೇ ಅದು ಬಡ ಹೆಂಗಸರಿಗೆ ಅಡ್ಡಿಯಾಗಿದೆ. ನಮೂನೆಗೆ ಹೊತ್ತಿಗೆ ಸಹಿ ಬೀಳದೆ, ಹೆರಿಗೆಯ ಜೊತೆ ಬೇಕೆಂದು ಕೇಳಿದವರೂ ಆಪರೇಷನ್ ಇಲ್ಲದೆ ಮನೆಗೆ ಹೋಗುತ್ತಾರೆ. ಗರ್ಭಪಾತವಾದ 10ರಿಂದ 14 ದಿನದೊಳಗೆ ಮತ್ತೆ ಅಂಡ ಬಿಡುಗಡೆ ಆಗಬಹುದು. ಬಸ್ಸಿನ ದುಡ್ಡು ಹೊಂದಿಸಿಕೊಂಡು ಒಂದು ಸಲ ಬಂದವಳನ್ನು ‘ಮುಂದಿನ ತಿಂಗಳು ಬಾ’ ಎಂದರೆ ಅವಳು ಬರುವುದು ಇನ್ನೊಂದು ಗರ್ಭ ಹೊತ್ತುಕೊಂಡೇ.

ಆಪರೇಷನ್ ಕೂಡ ಕೈ ಕೊಡುತ್ತದೆ, ಮೊದಲ ವರ್ಷದಲ್ಲೇ 200 ಮಂದಿಯಲ್ಲಿ ಸುಮಾರು ಒಬ್ಬರಿಗೆ. ಹರಿಯಾಣದ ಸಾಂತ್ರಾ ಪ್ರಕರಣದಲ್ಲಿ, ಏಳು ಮಕ್ಕಳಿದ್ದ ಕೂಲಿ ಹೆಂಗಸಿಗೆ ಬಲ ನಾಳ ಮಾತ್ರ ಕಟ್ಟಿ ಎಡದ್ದನ್ನು ಮುಟ್ಟದೆ ಕಳಿಸಿದ್ದರು. ಮತ್ತೊಂದು ಹೆಣ್ಣು ಮಗು ಹುಟ್ಟಿತು. ಅವರಿಗೆ ಕೊಟ್ಟ ಪರಿಹಾರವನ್ನು 2000ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂಥವರಿಗೆ ಆಸರೆಯಾಗಿ ನಿಂತಿರುವುದೇ ಗರ್ಭಪಾತ ಕಾಯ್ದೆಯ ಆ ‘ಗರ್ಭನಿರೋಧಕ ವಿಫಲವಾದರೆ’ ಎಂಬ ವಿವರಣೆ. ಕಾನೂನು ಇನ್ನೂ ಸರಳವಾಗಲಿ, ನನ್ನ ತಕರಾರಿಲ್ಲ. ಆದರೆ ಆಪರೇಷನ್‌ನ ಸಂಖ್ಯೆ ಇಳಿಯಬೇಕಿದ್ದರೆ ಕೆಲಸ ಶುರುವಾಗಬೇಕಾದದ್ದು ತಾಯಿ ಕಾರ್ಡ್ ಹಿಡಿದು ಏಳನೇ ತಿಂಗಳ ತಪಾಸಣೆಗೆ ಬಂದ ದಿನ. ಅವತ್ತು ಗಂಡನನ್ನೂ ಒಳಗೆ ಕರೆದು, ಕಾಪರ್-ಟಿ, ಅಂತರ, ಛಾಯಾ, ವಾಸೆಕ್ಟಮಿ ನಾಲ್ಕನ್ನೂ ವಿವರಿಸಿ, ಏನು ಆರಿಸಿಕೊಂಡರೆಂದು ಕಾರ್ಡಿನಲ್ಲಿ ಬರೆದಿಡಬೇಕು. ಹೆರಿಗೆ ವಾರ್ಡಿಗೆ ಬಂದ ಮೇಲೆ ಕೇಳಿದರೆ ಸಿಗುವ ಉತ್ತರ ಒಂದೇ.